ಬೀಗದ ಕೈ ಎಲ್ಲಿ ನೇತುಹಾಕುವುದು

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ನಾನು ಮೊದಲ ಸಲ ಗುಂಡಿನ ಸದ್ದು ಕೇಳಿದ್ದು 2019ರ ಅಕ್ಟೋಬರ್‌ನಲ್ಲಿ. ಬಂದು ಇನ್ನೂ ಆರು ವಾರ ಆಗಿತ್ತು ಅಷ್ಟೆ. ನಮ್ಮವರು ನೈಟ್ ಶಿಫ್ಟ್‌ಗೆ ಹೋಗಿದ್ದರು. ರಾತ್ರಿ ಎಂಟರ ಸುಮಾರಿಗೆ ಹಿತ್ತಲ ಕಡೆಯಿಂದ ಢಂ ಅಂತ ಬಂತು. ಒಂದು ನಿಮಿಷ ಬಿಟ್ಟು ಇನ್ನೊಂದು. ಒಲೆ ಆರಿಸಿದೆ, ಲೈಟ್ ಆರಿಸಿದೆ, ಅಡುಗೆಮನೆ ನೆಲದ ಮೇಲೆ ಫ್ರಿಜ್ಜಿಗೆ ಒರಗಿ ಕೂತೆ. ಕುಕ್ಕರ್ ಒಂದೇ ವಿಷಲ್ ಕೂಗಿ ಸುಮ್ಮನಾಗಿತ್ತು. ಬರುವ ಮುಂಚೆ ಈ ದೇಶದ ಬಗ್ಗೆ ಓದಿದ್ದ ಸುದ್ದಿಗಳೆಲ್ಲ ಕ್ಯೂ ನಿಂತ ಹಾಗೆ ತಲೆಯೊಳಗೆ ಬಂದು ನಿಂತವು.

ಇಪ್ಪತ್ತು ನಿಮಿಷ ಹಾಗೇ ಕೂತಿದ್ದು ಕೊನೆಗೆ ಪಕ್ಕದ ಮನೆಗೆ ಫೋನ್ ಮಾಡಿದೆ. ‘ಯಾರೋ ಶೂಟ್ ಮಾಡ್ತಿದ್ದಾರೆ’ ಅಂತ ಪಿಸುಗುಟ್ಟಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಇಡೀ ಮನೆ ನಕ್ಕಿದ್ದು ಕೇಳಿಸಿತು. ಫೋನನ್ನು ಸ್ಪೀಕರ್‌ಗೆ ಹಾಕಿದ್ದರು ಅಂತ ಕಾಣುತ್ತೆ.

ಅದು ಬಿದಿರು. ದೀಪಾವಳಿ ಹತ್ತಿರ ಬಂದರೆ ಇಲ್ಲಿನ ಹಳ್ಳಿ ಹುಡುಗರು ದಪ್ಪ ಬಿದಿರಿನ ಬೊಂಬು ತಂದು, ಕೊನೆಯದೊಂದನ್ನು ಬಿಟ್ಟು ಒಳಗಿನ ಗಿಣ್ಣುಗಳನ್ನೆಲ್ಲ ಒಡೆದು, ಬುಡದ ಹತ್ತಿರ ಒಂದು ತೂತು ಕೊರೆದು, ಅದಕ್ಕೆ ಸೀಮೆಎಣ್ಣೆ ಹುಯ್ಯುತ್ತಾರೆ. ಇಲ್ಲಿ ಸೀಮೆಎಣ್ಣೆಗೆ ಪಿಚ್ ಆಯಿಲ್ ಅಂತಾರೆ. ಬೊಂಬು ಕಾದ ಮೇಲೆ ತೂತಿಗೆ ಬೆಂಕಿ ತೋರಿಸಿದರೆ ಫಿರಂಗಿ ಸಿಡಿದ ಹಾಗೆ ಸದ್ದು. ನಮ್ಮ ಕಡೆ ಆಟಂ ಬಾಂಬ್ ಇಟ್ಟು ಓಡುವ ಹುಡುಗರ ಜಾತಿಯೇ ಇದೂ. ನಾನು ಅಡುಗೆಮನೆ ನೆಲದ ಮೇಲೆ ದೇವರನ್ನು ನೆನೆಯುತ್ತಿದ್ದಾಗ ಹೊರಗೆ ನಡೆಯುತ್ತಿದ್ದದ್ದು ದೀಪಾವಳಿಯ ತಯಾರಿ.

ಈ ಕಥೆಯನ್ನು ಪಕ್ಕದ ಮನೆಯವರು ಈಗಲೂ ಬಂದ ನೆಂಟರಿಗೆಲ್ಲ ಹೇಳುತ್ತಾರೆ. ನನಗೂ ಬೇಜಾರಿಲ್ಲ. ಆದರೆ ಅದಾದ ಎರಡು ವರ್ಷಕ್ಕೆ, ಒಂದು ರಾತ್ರಿ ಹೆದ್ದಾರಿ ಕಡೆಯಿಂದ ಪಟ ಪಟ ಅಂತ ಸದ್ದು ಬಂತು. ಆವತ್ತು ಯಾರೂ ನಗಲಿಲ್ಲ. ಪಕ್ಕದ ಮನೆಯ ಲೈಟ್ ಆರಿತು. ಬಿದಿರಿಗೂ ಅದಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದಕ್ಕೆ ಕಿವಿಗೆ ಅಷ್ಟು ಕಾಲ ಬೇಕಾಯಿತು.

ಪಕ್ಕದ ಮನೆ ಅಂದೆನಲ್ಲ, ಅವರ ಬಗ್ಗೆ ಹೇಳಬೇಕು. ಎಪ್ಪತ್ತೆಂಟರ ಹೆಂಗಸು. ಮೊಮ್ಮಕ್ಕಳೆಲ್ಲ ‘ಆಜಿ’ ಅಂತಾರೆ. ಇಲ್ಲಿ ಭಾರತೀಯ ಮೂಲದವರ ಮನೆಗಳಲ್ಲಿ ತಂದೆಯ ತಾಯಿಗೆ ಆಜಿ, ತಂದೆಯ ತಂದೆಗೆ ಆಜಾ ಅನ್ನುತ್ತಾರೆ. ಭೋಜಪುರಿಯಿಂದ ಬಂದ ಪದಗಳು. ಮನೆಮಾತು ಹೋಗಿ ಇಂಗ್ಲಿಷ್ ಬಂದು ಎಷ್ಟೋ ಕಾಲವಾಯಿತು, ನೆಂಟಸ್ತಿಕೆಯ ಹೆಸರು ಮಾತ್ರ ಉಳಿದಿವೆ. ನಾನು ಅವರನ್ನು ಮೊದಲ ದಿನದಿಂದ ‘ಅಜ್ಜಿ’ ಅಂತಲೇ ಕರೆಯುತ್ತಿದ್ದೇನೆ. ಒಂದು ಜಕಾರ ಜಾಸ್ತಿ ಇದೆ ಅಂತ ಯಾರಿಗೂ ಗೊತ್ತಾಗಿಲ್ಲ.

ಊರಿನ ಹೆಸರು ಬೇಡ. ಮಧ್ಯ ಟ್ರಿನಿಡಾಡ್, ಸುತ್ತ ಹಿಂದೆ ಕಬ್ಬಿನ ಗದ್ದೆಗಳಿದ್ದ ಜಾಗ, ಪಾಯಿಂಟ್ ಲೀಸಾಸ್ ಕಾರ್ಖಾನೆಗಳಿಗೆ ಕಾರಲ್ಲಿ ಅರ್ಧ ಗಂಟೆ ಅಂದರೆ ಸಾಕು. ನಮ್ಮವರು ಅಲ್ಲಿನ ಒಂದು ಅಮೋನಿಯಾ ಪ್ಲಾಂಟ್‌ನಲ್ಲಿ ಇಂಜಿನಿಯರ್. ಎರಡು ವರ್ಷಕ್ಕೆ ಅಂತ ಬಂದವರು ನಾವು. ನಾನು ತಿಪಟೂರಿನವಳು. ಇಲ್ಲಿಯ ತೆಂಗಿನಕಾಯಿಗೆ ಇನ್ನೂ ಪಾಸ್ ಮಾರ್ಕ್ ಕೊಟ್ಟಿಲ್ಲ.

ಊರಿಂದ ಫೋನ್ ಮಾಡುವವರು ಕೇಳುವ ಪ್ರಶ್ನೆ ಒಂದೇ. ‘ಅಲ್ಲಿ ಸೇಫಾ?’

ಲೆಕ್ಕ ನೋಡಿದರೆ ಉತ್ತರ ಕಷ್ಟ. ಟ್ರಿನಿಡಾಡ್ ಮತ್ತು ಟೊಬೇಗೊ ಎರಡೂ ದ್ವೀಪ ಸೇರಿ ಸುಮಾರು 14 ಲಕ್ಷ ಜನ. ಮೈಸೂರು ನಗರಕ್ಕಿಂತ ಒಂಚೂರು ಜಾಸ್ತಿ ಅಂದುಕೊಳ್ಳಿ. 2024ರಲ್ಲಿ ಇಲ್ಲಿ 600ಕ್ಕೂ ಹೆಚ್ಚು ಕೊಲೆಗಳಾದವು. ಇಡೀ ಕರ್ನಾಟಕದಲ್ಲಿ, ಆರೂವರೆ ಕೋಟಿ ದಾಟಿದ ಜನರ ನಡುವೆ, ವರ್ಷಕ್ಕೆ ಆಗುವುದು ಸಾವಿರದ ಮುನ್ನೂರು ನಾನೂರರ ಸುಮಾರು. 2025ರಲ್ಲಿ ಇಲ್ಲಿನ ಸಂಖ್ಯೆ ಸಾಕಷ್ಟು ಇಳಿಯಿತು, ಆದರೂ ಚಿಕ್ಕದೇನಲ್ಲ. ಅಮೆರಿಕ ತನ್ನ ಪ್ರಜೆಗಳಿಗೆ ಕೊಡುವ ಪ್ರವಾಸ ಸಲಹೆಯಲ್ಲಿ ಈ ದೇಶವನ್ನು ಮೂರನೇ ಹಂತಕ್ಕೆ ಹಾಕಿತ್ತು. ಹೋಗುವ ಮುಂಚೆ ಇನ್ನೊಂದು ಸಲ ಯೋಚಿಸಿ ಅಂತ ಅದರ ಅರ್ಥ.

ಇದನ್ನೆಲ್ಲ ಓದಿದವರಿಗೆ ನಾನು ಬೆಳಗ್ಗೆ ಏಳಕ್ಕೆ ರಸ್ತೆ ಬದಿಯಲ್ಲಿ ನಿಂತು ಡಬಲ್ಸ್ ತಿನ್ನುತ್ತೇನೆ, ಬಾರಾ ಅನ್ನುವ ಎರಡು ಪುಟ್ಟ ಕರಿದ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯ, ಖಾರ ಸ್ವಲ್ಪವೇ ಹಾಕಿ ಅಂತ ಹೇಳಿಯೂ ಮೂಗು ಸೋರಿಸಿಕೊಂಡು ಬರುತ್ತೇನೆ ಅಂದರೆ ನಂಬಿಕೆ ಬರುವುದಿಲ್ಲ. ಎರಡೂ ನಿಜ. ಆ ಕೊಲೆಗಳಲ್ಲಿ ಬಹಳಷ್ಟು ಗ್ಯಾಂಗುಗಳ ನಡುವಿನವು, ಹೆಚ್ಚಿನವು ಬಂದೂಕಿನವು, ಮತ್ತೆ ಮತ್ತೆ ಅದೇ ಕೆಲವು ಬೀದಿಗಳಲ್ಲಿ ಆಗುವಂಥವು. ಆ ಬೀದಿಗಳಲ್ಲಿ ನಾನಿಲ್ಲ. ಇಷ್ಟು ಹೇಳಿ ಸುಮ್ಮನಾಗಿಬಿಡುವ ವಿದೇಶಿಯರು ಬಹಳ ಜನ ಇದ್ದಾರೆ. ನಾನೂ ಮೊದಲ ವರ್ಷ ಹಾಗೇ ಹೇಳುತ್ತಿದ್ದೆ.

ಮನೆಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಬ್ಬಿಣ. ಕಿಟಕಿಗೆಲ್ಲ ಗ್ರಿಲ್, ವರಾಂಡಕ್ಕೆ ಗ್ರಿಲ್, ಮುಂಬಾಗಿಲಿನ ಮುಂದೆ ಇನ್ನೊಂದು ಗ್ರಿಲ್ ಬಾಗಿಲು. ಇಲ್ಲಿ ಅದಕ್ಕೆ ಬರ್ಗ್ಲರ್ ಪ್ರೂಫ್ ಅಂತಾರೆ. ಕಂಪನಿಯ ಒಬ್ಬ ಇಂಗ್ಲಿಷ್ ಸಹೋದ್ಯೋಗಿಯ ಹೆಂಡತಿ ಇದನ್ನು ನೋಡಿ ಜೈಲಿನಲ್ಲಿದ್ದ ಹಾಗಾಗುತ್ತೆ ಅಂತ ಅತ್ತಿದ್ದರಂತೆ. ನನಗೆ ಏನೂ ಅನಿಸಲಿಲ್ಲ. ರಾಜಾಜಿನಗರದ ನಮ್ಮ ಚಿಕ್ಕಮ್ಮನ ಮನೆ ಹೀಗೇ ಇದೆ. ಗ್ರಿಲ್ಲಿಗೆ ನವಿಲಿನ ಡಿಸೈನ್ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಆದರೆ ಗ್ರಿಲ್ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿ ಇಡಬೇಕು ಅನ್ನುವುದೇ ಒಂದು ವಿದ್ಯೆ. ಅದನ್ನು ಕಲಿಸಿದ್ದು ಅಜ್ಜಿ. ಬಂದ ಮೂರನೇ ದಿನ ಮನೆಯೊಳಗೆ ಬಂದವರು ಮೊದಲು ಅಡುಗೆಮನೆ ನೋಡಲಿಲ್ಲ, ಮೊಳೆ ನೋಡಿದರು. ನಾನು ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೆ, ಎಲ್ಲರೂ ಹಾಕುವ ಹಾಗೆ. ಅಜ್ಜಿ ವರಾಂಡಕ್ಕೆ ಹೋದರು. ಕಿಟಕಿಯ ಗ್ರಿಲ್ಲಿನ ಸಂದಿಯಿಂದ ಕೈ ತೂರಿಸಿದರು. ಮೊಳಕೈವರೆಗೆ ಹೋಯಿತು. ಬೆರಳು ಬೀಗದ ಕೈಗೆ ಇನ್ನು ಒಂದು ಗೇಣು ದೂರದಲ್ಲಿತ್ತು. ‘ನನ್ನ ಕೈ ಗಿಡ್ಡ’ ಅಂದರು. ಆಮೇಲೆ ಮೂಲೆಯಲ್ಲಿದ್ದ ಕಸಬರಿಗೆಯ ಕೋಲು ತೆಗೆದು ಬೀಗದ ಕೈಯನ್ನು ಟಣ್ ಅಂತ ಕೆಳಗೆ ಬೀಳಿಸಿ ತೋರಿಸಿದರು.

ಹಾಗಂತ ಒಳಗಿನ ರೂಮಲ್ಲಿ ಬಚ್ಚಿಡುವಂತೆಯೂ ಇಲ್ಲ. ಬೆಂಕಿ ಬಿದ್ದರೆ ಕಬ್ಬಿಣದ ಬಾಗಿಲೇ ಯಮ. ಕತ್ತಲಲ್ಲಿ, ಹೊಗೆಯಲ್ಲಿ, ಕಣ್ಣು ಮುಚ್ಚಿಕೊಂಡೇ ಕೈಗೆ ಸಿಗಬೇಕು. ಹೊರಗಿನ ಕೈಗೆ ಸಿಗಬಾರದು, ಒಳಗಿನ ಕೈಗೆ ತಕ್ಷಣ ಸಿಗಬೇಕು. ಅಜ್ಜಿ ಮನೆಯೆಲ್ಲ ಸುತ್ತಿ, ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ, ನನ್ನ ಸೊಂಟದ ಎತ್ತರಕ್ಕೆ ಒಂದು ಜಾಗ ಆರಿಸಿದರು. ತೆವಳಿಕೊಂಡು ಬಂದರೂ ಸಿಗಲಿ ಅಂತ. ಆರು ವರ್ಷದಿಂದ ಅಲ್ಲೇ ಇದೆ. ಬಿದಿರು ಸಿಡಿದ ರಾತ್ರಿ ನಾನು ಹೋಗಿ ಕೂತದ್ದು ಅದೇ ಮೊಳೆಯ ಕೆಳಗೆ.

ಎರಡನೇ ಪಾಠ ನಂಬರ್ ಪ್ಲೇಟಿನದು. ಇಲ್ಲಿ ನಮ್ಮ ಶೇರ್ ಆಟೊ ಥರ ರೂಟ್ ಟ್ಯಾಕ್ಸಿಗಳು ಓಡುತ್ತವೆ. ಸಾಧಾರಣ ಕಾರು, ನಾಲ್ಕೈದು ಜನ ತುಂಬಿಕೊಂಡು ಒಂದೇ ದಾರಿಯಲ್ಲಿ ಹೋಗಿ ಬಂದು ಮಾಡುತ್ತವೆ. ದೊಡ್ಡ ವ್ಯಾನಿಗೆ ಮ್ಯಾಕ್ಸಿ ಟ್ಯಾಕ್ಸಿ ಅಂತಾರೆ. ನಮ್ಮ ಮ್ಯಾಕ್ಸಿ ಕ್ಯಾಬ್ ಇಲ್ಲಿಗೂ ಬಂದಿದೆಯಲ್ಲ ಅಂತ ಖುಷಿಯಾಗಿತ್ತು. ಮ್ಯಾಕ್ಸಿಯ ಮೈಮೇಲೆ ಯಾವ ಬಣ್ಣದ ಪಟ್ಟಿ ಇದೆ ನೋಡಿದರೆ ಯಾವ ಕಡೆಯ ಗಾಡಿ ಅಂತ ಗೊತ್ತಾಗುತ್ತೆ. ಕೆಂಪಾದರೆ ಪೂರ್ವಕ್ಕೆ, ಹಸಿರಾದರೆ ನಮ್ಮ ಕಡೆಗೆ. ಹತ್ತಿದ ಕೂಡಲೇ ‘ಗುಡ್ ಮಾರ್ನಿಂಗ್’ ಅನ್ನಬೇಕು, ಅನ್ನದಿದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ಈ ಗುಡ್ ಮಾರ್ನಿಂಗ್ ಬರೀ ಶಿಷ್ಟಾಚಾರ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೇ ನೆಪದಲ್ಲಿ ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತಾರೆ.

ಟ್ಯಾಕ್ಸಿ ಪ್ಲೇಟು ಎಚ್ ಅಕ್ಷರದಿಂದ ಶುರುವಾಗುತ್ತೆ. ಸ್ವಂತ ಕಾರುಗಳದ್ದು ಪಿ. ಪಿ ಪ್ಲೇಟಿನ ಕಾರನ್ನೇ ಬಾಡಿಗೆಗೆ ಓಡಿಸುವವರು ಬಹಳ. ಅದು ಕಾನೂನಿಗೆ ವಿರುದ್ಧ, ಆದರೆ ಎಲ್ಲರೂ ಹತ್ತುತ್ತಾರೆ, ಯಾಕೆಂದರೆ ಸಂಜೆ ಆರರ ಮೇಲೆ ಬೇರೆ ಏನೂ ಸಿಗುವುದಿಲ್ಲ. ನಾನೂ ಒಂದು ಸಂಜೆ ಶಗ್ವಾನಸ್ ಮಾರ್ಕೆಟ್ ಹತ್ತಿರ ಬಾಗಿಲಿಗೆ ಕೈ ಹಾಕಿದ್ದೆ. ಹಿಂದೆ ನಿಂತಿದ್ದ ಹೆಂಗಸೊಬ್ಬರು ನನ್ನ ಬ್ಯಾಗು ಹಿಡಿದು ಎಳೆದರು. ಪರಿಚಯವಿಲ್ಲ, ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ‘ಅದಲ್ಲ, ಮುಂದಿನದು’ ಅಂದರು ಅಷ್ಟೆ.

ಅದಾಗಿ ಸ್ವಲ್ಪ ಕಾಲಕ್ಕೇ, 2021ರ ಜನವರಿ ಕೊನೆಯಲ್ಲಿ, ಅರಿಮಾ ಊರಿನಲ್ಲಿ ಕೋರ್ಟಿನ ಕೆಲಸ ಮುಗಿಸಿದ ಯುವತಿಯೊಬ್ಬಳು ಟ್ಯಾಕ್ಸಿ ಅಂತ ನಂಬಿ ಒಂದು ಕಾರು ಹತ್ತಿದಳು. ಅದಕ್ಕೆ ಹಾಕಿದ್ದ ಎಚ್ ಪ್ಲೇಟೇ ಸುಳ್ಳು. ಕೆಲವು ದಿನಗಳ ಮೇಲೆ ಬೆಟ್ಟದ ಇಳಿಜಾರಿನಲ್ಲಿ ಹೆಣ ಸಿಕ್ಕಿತು. ಇಡೀ ದೇಶ ಮೇಣದ ಬತ್ತಿ ಹಿಡಿದು ಬೀದಿಗೆ ಬಂತು. ನಮ್ಮೂರಿನ ಮೈದಾನದಲ್ಲೂ ಸೇರಿದ್ದರು, ನಾನೂ ಹೋಗಿದ್ದೆ. ಮಾತು ಕಡಿಮೆ. ಆವತ್ತು ನನಗೆ ನಾನು ಕಲಿತ ಪಾಠ ಅರ್ಧ ಅಂತ ಅನಿಸಿತು. ಪ್ಲೇಟು ನೋಡಿ ಹತ್ತು ಅಂದರು. ಅವಳೂ ಪ್ಲೇಟು ನೋಡಿಯೇ ಹತ್ತಿದ್ದಳೋ ಏನೋ.

ಅಂದಿನಿಂದ ನಾನು ಕಾರು ಓಡಿಸುವುದು ಕಲಿತೆ. ಹಾಗೆ ಕಲಿಯುವ ಅವಕಾಶ ನನಗಿತ್ತು, ಕಾರು ಕೊಳ್ಳುವ ದುಡ್ಡಿತ್ತು. ರಸ್ತೆಯಲ್ಲಿ ಕಾಯುತ್ತಿರುವ ಹೆಂಗಸರನ್ನು ಎಸಿ ಹಾಕಿಕೊಂಡು ದಾಟಿ ಹೋಗುವಾಗ ಇದು ನೆನಪಾಗದೆ ಇರುವುದಿಲ್ಲ.

ಇಲ್ಲಿ ನನ್ನ ಮುಖದ ವಿಷಯ ಬರುತ್ತೆ. 1845ರ ಮೇ 30ಕ್ಕೆ ಫತೆಲ್ ರಜಾಕ್ ಅನ್ನುವ ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಗಳನ್ನು ತಂದು ಇಲ್ಲಿ ಇಳಿಸಿತು. 1917ರವರೆಗೆ ಹಾಗೆ ಬಂದವರು ಒಂದು ಲಕ್ಷದ ನಲವತ್ತು ಸಾವಿರಕ್ಕೂ ಮೇಲೆ. ಈಗ ದೇಶದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಅವರ ಮಕ್ಕಳು ಮೊಮ್ಮಕ್ಕಳು. ಹಾಗಾಗಿ ನಾನು ಬಾಯಿ ಬಿಡುವ ತನಕ ಇಲ್ಲಿಯವಳೇ. ಇಂಗ್ಲಿಷ್ ದಂಪತಿ ಮಾರ್ಕೆಟ್ಟಿಗೆ ಹೋದರೆ ಅಲಸಂದೆಕಾಯಿಗೆ ಒಂದು ರೇಟು, ನಾನು ಹೋದರೆ ಇನ್ನೊಂದು. ಯಾರೂ ಹಿಂಬಾಲಿಸುವುದಿಲ್ಲ, ಯಾರೂ ಫೋಟೊ ತೆಗೆಯುವುದಿಲ್ಲ. ವಿದೇಶಿ ಅಂತ ಕಾಣದೆ ಇರುವುದು ಒಂದು ರಕ್ಷಣೆ ಅಂತ ಬಹಳ ದಿನ ನಂಬಿದ್ದೆ.

ಅಜ್ಜಿ ಅದನ್ನೂ ಸರಿಮಾಡಿದರು. 2000ದ ದಶಕದ ಮಧ್ಯದಲ್ಲಿ ಇಲ್ಲಿ ದುಡ್ಡಿಗಾಗಿ ಅಪಹರಣ ಮಾಡುವುದು ಬಹಳ ಆಗಿತ್ತಂತೆ. ಗುರಿಯಾದವರಲ್ಲಿ ಭಾರತೀಯ ಮೂಲದ ವ್ಯಾಪಾರಿ ಮನೆಗಳು ಜಾಸ್ತಿ. ಅಜ್ಜಿಯ ಮೈದುನನ ಮಗ ಹಾರ್ಡ್‌ವೇರ್ ಅಂಗಡಿ ಮಾರಿ ಟೊರಾಂಟೊಗೆ ಹೋದದ್ದು ಆಗಲೇ. ‘ನಿನ್ನ ಮುಖ ನಮ್ಮ ಮುಖ ಕಣೇ’ ಅಂದರು. ‘ಒಳ್ಳೆಯದಕ್ಕೂ ಹೌದು, ಕೆಟ್ಟದ್ದಕ್ಕೂ ಹೌದು.’

ಹಾಗೆ ನೋಡಿದರೆ ಭಯ ಕೂಡ ಅವರವರ ಊರಿನದು. ಹುಲ್ಲು ಕತ್ತರಿಸುವವನು ಮಚ್ಚು ಹಿಡಿದು ರಸ್ತೆಯಲ್ಲಿ ನಡೆದು ಬರುತ್ತಿದ್ದರೆ ನನ್ನ ಇಂಗ್ಲಿಷ್ ಗೆಳತಿ ಕಾರಿನ ಬಾಗಿಲು ಲಾಕ್ ಮಾಡುತ್ತಾಳೆ. ನನಗೆ ನಮ್ಮೂರ ಎಳನೀರಿನವನ ನೆನಪಾಗುತ್ತೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದ ಅಂಚಲ್ಲಿ ಎಳನೀರು ಕೆತ್ತುವವರ ಮಚ್ಚಿನ ಕೈಚಳಕ ಮಾತ್ರ ಒಪ್ಪಲೇಬೇಕು. ತಿಪಟೂರಿಗೆ ಸಮ. ಅದೇ ಗೆಳತಿ ಮರಕಾಸ್ ಬೀಚಿನಲ್ಲಿ ಕೆಂಪು ಬಾವುಟ ಹಾರುತ್ತಿದ್ದರೂ ಸೊಂಟದವರೆಗೆ ನೀರಿಗೆ ಇಳಿಯುತ್ತಾಳೆ. ಅಲ್ಲಿ ಒಳಸೆಳೆತ ಜೋರು. ನಾನು ಮರಳಲ್ಲಿ ಕೂತು ಅವಳ ಚಪ್ಪಲಿ ಕಾಯುತ್ತೇನೆ.

ನಮ್ಮ ಮನೆಗೂ ಒಂದು ಸಲ ಕಳ್ಳರು ಬಂದರು. ದೊಡ್ಡ ಕಥೆಯೇನಲ್ಲ. ಇಲ್ಲಿ ನಲ್ಲಿ ನೀರು ವಾರದಲ್ಲಿ ಇಷ್ಟು ದಿನ ಅಂತ ಸರದಿ ಮೇಲೆ ಬರುತ್ತೆ, ಹಾಗಾಗಿ ಎಲ್ಲರ ಮನೆಯ ಪಕ್ಕದಲ್ಲೂ ಕಪ್ಪು ಟ್ಯಾಂಕು, ಅದಕ್ಕೊಂದು ಪಂಪು. ಬೆಂಗಳೂರಿನಲ್ಲಿ ಬೋರ್ ಬತ್ತಿದ ಏರಿಯಾದಲ್ಲಿ ಬಾಡಿಗೆಗಿದ್ದು ಬಂದವಳಿಗೆ ಇದು ಹೊಸದಲ್ಲ. ಒಂದು ಬೆಳಗ್ಗೆ ನಲ್ಲಿ ತಿರುಗಿಸಿದರೆ ಬುಸ್ ಅಂತು. ಹೊರಗೆ ಹೋಗಿ ನೋಡಿದರೆ ಪಂಪು ಇದ್ದ ಜಾಗದಲ್ಲಿ ನಾಲ್ಕು ನಟ್ಟು ಸಾಲಾಗಿ ಜೋಡಿಸಿಟ್ಟಿದ್ದಾರೆ. ಅವಸರವೇ ಇರಲಿಲ್ಲ ಅವರಿಗೆ. ಪೈಪಿನ ಬಾಯಿಗೆ ಒಂದು ಬಟ್ಟೆ ಕೂಡ ತುರುಕಿದ್ದರು, ನೀರು ಪೋಲಾಗದ ಹಾಗೆ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆಮೇಲೆ ಅವರು ಎಷ್ಟು ಹೊತ್ತು ಅಲ್ಲಿ ಕೂತು ಬಿಚ್ಚಿರಬೇಕು, ನನ್ನ ಮಲಗುವ ಕೋಣೆಯ ಕಿಟಕಿಯಿಂದ ಆರು ಅಡಿ ದೂರದಲ್ಲಿ, ಅಂತ ಯೋಚಿಸಿದಾಗ ನಗು ನಿಂತಿತು.

ಠಾಣೆಯಲ್ಲಿ ಬರೆದುಕೊಂಡರು. ಬಂದು ನೋಡುತ್ತೇವೆ, ಈಗ ಗಾಡಿ ಇಲ್ಲ ಅಂದರು. ಬರಲಿಲ್ಲ. ಇದರಲ್ಲಿ ವಿಶೇಷವೇನಿಲ್ಲ, ಮೋಟಾರ್ ಕಳೆದುಕೊಂಡ ನಮ್ಮ ಕಡೆಯ ತೋಟದವರನ್ನು ಕೇಳಿ. ಸಂಜೆ ಹೊತ್ತಿಗೆ ಅಜ್ಜಿಯ ಮಗ ತಮ್ಮ ಟ್ಯಾಂಕಿನಿಂದ ನಮ್ಮ ಮನೆಗೆ ಹೋಸ್ ಪೈಪ್ ಎಳೆದಿದ್ದ. ಮುಂದಿನ ಭಾನುವಾರ ಹೊಸ ಪಂಪಿಗೆ ಕಬ್ಬಿಣದ ಪಂಜರ ವೆಲ್ಡ್ ಮಾಡಿಕೊಟ್ಟ. ದುಡ್ಡು ತಗೊಳ್ಳಲಿಲ್ಲ. ಅವನ ಮಗಳಿಗೆ ನಾನು ಸುಮ್ನೆ ಲೆಕ್ಕ ಹೇಳಿಕೊಡುತ್ತಿದ್ದೆ, ಹೈಸ್ಕೂಲಿಗೆ ಸೇರುವ ಪರೀಕ್ಷೆಗೆ. ಇಲ್ಲಿನ ಮಕ್ಕಳಿಗೆ ಹನ್ನೊಂದು ಹನ್ನೆರಡನೇ ವಯಸ್ಸಿಗೆ ಆ ಪರೀಕ್ಷೆಯೇ ದೊಡ್ಡ ಭಯ.

2024ರ ಡಿಸೆಂಬರ್ 30, ಸೋಮವಾರ. ಆ ವಾರಾಂತ್ಯದ ಗ್ಯಾಂಗ್ ಕೊಲೆಗಳಾದ ಮೇಲೆ, ಇನ್ನೂ ಸೇಡಿನ ಕೊಲೆ ಆಗುತ್ತವೆ ಅನ್ನುವ ಭಯದಲ್ಲಿ ಸರ್ಕಾರ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತು. ಸುದ್ದಿ ಹೇಗೋ ತಿಪಟೂರಿಗೂ ಮುಟ್ಟಿತು. ಫೋನ್ ಮಾಡಿದ್ದು ಅಮ್ಮ ಅಲ್ಲ, ಅಪ್ಪ. ಅಪ್ಪ ಫೋನ್ ಮಾಡುವುದೇ ಅಪರೂಪ.

‘ಎಮರ್ಜೆನ್ಸಿ ಅಂತೆ?’

ಅಪ್ಪನಿಗೆ ಆ ಪದ ಅಂದರೆ 1975. ಆಗ ಕಾಲೇಜಿನಲ್ಲಿದ್ದರು. ಅವರ ಮೇಷ್ಟ್ರೊಬ್ಬರನ್ನು ರಾತ್ರೋರಾತ್ರಿ ಹಿಡಿದುಕೊಂಡು ಹೋಗಿದ್ದರು. ಪೇಪರಿನಲ್ಲಿ ಏನೂ ಬರುತ್ತಿರಲಿಲ್ಲ. ‘ಅಂಗಡಿ ತೆಗೆದಿದ್ಯಾ? ಅಕ್ಕಿ ಇದ್ಯಾ?’ ಅಂತ ಕೇಳಿದರು. ನಾನು ಆಗ ಅಜ್ಜಿಯ ಮನೆಯಲ್ಲಿ ಕೂತು ಸೊರೆಲ್ ಶರಬತ್ತು ಕುಡಿಯುತ್ತಿದ್ದೆ. ನಮ್ಮ ಪುಂಡಿ ಜಾತಿಯದೇ ಗಿಡ, ಅದರ ಹೂವಿನ ಬುಡದಲ್ಲಿರುವ ದಪ್ಪ ಕೆಂಪು ಎಸಳು ಕುದಿಸಿ ಚಕ್ಕೆ ಲವಂಗ ಹಾಕಿ ಮಾಡುತ್ತಾರೆ. ಎದುರು ಮನೆಯಲ್ಲಿ ಹಾಡು ಜೋರಾಗಿತ್ತು. ಕರ್ಫ್ಯೂ ಇರಲಿಲ್ಲ. ವಾರಂಟ್ ಇಲ್ಲದೆ ಹುಡುಕುವ, ಬಂಧಿಸುವ ಅಧಿಕಾರ ಪೊಲೀಸರಿಗೆ ಬಂದಿತ್ತು, ಜಾಮೀನು ಸಿಗುವಂತಿರಲಿಲ್ಲ. ನನ್ನ ಬೀದಿಗೆ ಅದರಿಂದ ಏನೂ ಬದಲಾಗಲಿಲ್ಲ. ಹೊಸ ವರ್ಷದ ಪಾರ್ಟಿಗಳು ನಡೆದವು. ಮಾರ್ಚ್ 3 ಮತ್ತು 4ಕ್ಕೆ ಕಾರ್ನಿವಲ್ ಕೂಡ ತುರ್ತು ಪರಿಸ್ಥಿತಿಯ ನಡುವೆಯೇ ಆಯಿತು, ಗರಿಗಳ ಕಿರೀಟ ಹಾಕಿದ ಸಾವಿರಾರು ಜನ ಪೊಲೀಸರ ಪಕ್ಕದಲ್ಲೇ ಕುಣಿದುಕೊಂಡು ಹೋದರು. ಏಪ್ರಿಲ್‌ನಲ್ಲಿ ಅದು ಮುಗಿಯಿತು, ಜುಲೈನಲ್ಲಿ ಇನ್ನೊಂದು ಬಂತು. ಕೋವಿಡ್ ಕಾಲದ್ದು, ರಾತ್ರಿ ಒಂಬತ್ತರಿಂದ ಕರ್ಫ್ಯೂ ಇದ್ದದ್ದು, ಸೇರಿಸಿದರೆ ನಾನು ಬಂದ ಮೇಲೆ ಮೂರು. ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ಈಗಲೂ ಆಗಿಲ್ಲ. ‘ಮೂರು ಎಮರ್ಜೆನ್ಸಿ ನೋಡಿದೆ ಅಂತೀಯ, ಮನೇಲಿ ಅಕ್ಕಿ ಮಾತ್ರ ತಂದಿಡಲ್ಲ’ ಅಂತಾರೆ.

ನನ್ನ ಬೀದಿಗೆ ಏನೂ ಆಗಲಿಲ್ಲ ಅಂದೆ. ಬೇರೆ ಬೀದಿಗಳಿಗೆ ಆಯಿತು. ಪೋರ್ಟ್ ಆಫ್ ಸ್ಪೇನ್ ಪೂರ್ವದ ಗುಡ್ಡದ ಮೇಲೆ ಲ್ಯಾವೆಂಟಿಲ್ ಅಂತ ಒಂದು ಜಾಗ. ಅಮೆರಿಕದವರು ತಮ್ಮ ಸಿಬ್ಬಂದಿ ಕಾಲಿಡಬಾರದು ಅಂತ ಮಾಡಿದ ಪಟ್ಟಿಯಲ್ಲಿ ಅದಿದೆ. ಬೀಥಮ್ ಇದೆ, ಸೀ ಲಾಟ್ಸ್ ಇದೆ. ಕಂಪನಿಯ ಸೆಕ್ಯೂರಿಟಿಯವರು ಹೊಸದಾಗಿ ಬಂದವರಿಗೆಲ್ಲ ಹೇಳುವ ಮೊದಲ ಮಾತು, ಬೀಥಮ್ ಪಕ್ಕದ ಹೆದ್ದಾರಿಯಲ್ಲಿ ಟೈರ್ ಪಂಕ್ಚರ್ ಆದರೂ ನಿಲ್ಲಿಸಬೇಡಿ, ರಿಮ್ ಮೇಲೇ ಓಡಿಸಿಕೊಂಡು ಬನ್ನಿ. ನಾನೂ ಅದನ್ನು ಹೊಸಬರಿಗೆ ಹೇಳಿದ್ದೇನೆ, ದೊಡ್ಡ ಅನುಭವಸ್ಥೆಯ ಥರ.

ನನಗೆ ಪರಿಚಯದ ಹೆಂಗಸೊಬ್ಬರು ಲ್ಯಾವೆಂಟಿಲ್‌ನವರು. ಕ್ಲಿನಿಕ್ ಒಂದರಲ್ಲಿ ರಿಸೆಪ್ಶನ್‌ನಲ್ಲಿ ಕೂರುತ್ತಾರೆ. ಕೆಲಸಕ್ಕೆ ಅರ್ಜಿ ಹಾಕುವಾಗ ತಮ್ಮ ಮನೆ ವಿಳಾಸ ಬರೆಯಲಿಲ್ಲವಂತೆ, ಅತ್ತಿಗೆಯ ಮನೆಯದು ಬರೆದರಂತೆ. ಮಗ ಹದಿನೇಳರವನು. ಕೆಳಗಿನ ಬೀದಿಯ ಗ್ಯಾಂಗ್ ಬೇರೆ, ಮೇಲಿನ ಬೀದಿಯದು ಬೇರೆ. ಇವನು ಯಾವುದಕ್ಕೂ ಸೇರಿದವನಲ್ಲ, ಆದರೂ ಕೆಳಗಿನ ಬೀದಿ ದಾಟುವಂತಿಲ್ಲ. ಶಾಲೆಗೆ ಹೋಗಲು ಸುತ್ತು ಹಾಕಿ ಎರಡು ಗಾಡಿ ಬದಲಿಸಬೇಕು. ಸ್ಟೀಲ್‌ಪ್ಯಾನ್, ಎಣ್ಣೆ ಡ್ರಮ್ಮಿನ ತಳ ಬಡಿದು ಬಡಿದು ಸ್ವರ ಹೊರಡಿಸುವ ಆ ವಾದ್ಯ, ಬೆಳೆದದ್ದು ಇದೇ ಗುಡ್ಡದ ಸುತ್ತ. ಹುಡುಗ ಡೆಸ್ಪರಾಡೋಸ್ ತಂಡದ ಹೆಸರು ಹೇಳುವಾಗ ಅವನ ಮುಖ ನೋಡಬೇಕು. ‘ನೀವು ವಿದೇಶದವರು, ನಿಮಗೆ ಇಲ್ಲಿ ಭಯ ಆಗಲ್ವಾ?’ ಅಂತ ಒಂದು ದಿನ ಆಕೆ ನನ್ನನ್ನು ಕೇಳಿದರು. ನಿಜವಾದ ಕಾಳಜಿಯಿಂದ ಕೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಏನೋ ಒಂದು ಹೇಳಿ ಮಾತು ಬದಲಿಸಿದೆ.

ವಿದೇಶಿ ಅಂದರೂ ಎಲ್ಲರೂ ಒಂದೇ ಅಲ್ಲವಲ್ಲ. ನಮ್ಮೂರಿನ ಚೈನೀಸ್ ಅಂಗಡಿಯಲ್ಲಿ ಗಲ್ಲಾದ ಸುತ್ತ ಮೇಲಿಂದ ಕೆಳಗೆ ಕಬ್ಬಿಣದ ಜಾಲರಿ. ದುಡ್ಡು ಒಂದು ಕಿಂಡಿಯಲ್ಲಿ ಕೊಟ್ಟರೆ ಹಾಲಿನ ಡಬ್ಬ ಇನ್ನೊಂದು ಕಿಂಡಿಯಲ್ಲಿ ಬರುತ್ತೆ. ಇತ್ತೀಚಿನ ವರ್ಷಗಳಲ್ಲಿ ಗ್ಯಾಂಗುಗಳು ಅಂಗಡಿಗಳಿಂದ ಮಾಮೂಲಿ ವಸೂಲಿ ಮಾಡುವುದು ಜಾಸ್ತಿಯಾಗಿದೆ. ಆ ಅಂಗಡಿಯವನಿಗೆ ನನ್ನ ಹಾಗೆ ಮುಖದ ರಕ್ಷಣೆಯಿಲ್ಲ, ಬಾಯಿಯದೂ ಇಲ್ಲ. ಐದು ವರ್ಷದಿಂದ ಅವನ ಹತ್ತಿರ ಸಾಮಾನು ತಗೊಳ್ಳುತ್ತಿದ್ದೇನೆ, ನಾವಿಬ್ಬರೂ ಆಡಿದ ಮಾತು ಬರೀ ಸಂಖ್ಯೆಗಳು.

ಇನ್ನು ವೆನೆಜುವೆಲಾದವರು. ಟ್ರಿನಿಡಾಡ್‌ನಿಂದ ಆ ದೇಶ ಹತ್ತಿರ ಬರುವ ಕಡೆ ನಡುವಿನ ನೀರು ಬರೀ 11 ಕಿಲೋಮೀಟರ್. ಅಲ್ಲಿ ಬದುಕು ಕುಸಿದ ಮೇಲೆ ದೋಣಿಯಲ್ಲಿ ಬಂದವರು ಸಾವಿರಾರು. 2019ರಲ್ಲಿ ಸರ್ಕಾರ ಹೆಸರು ನೋಂದಾಯಿಸಿ ಅಂದಾಗ 16 ಸಾವಿರಕ್ಕೂ ಹೆಚ್ಚು ಜನ ಬಿಸಿಲಲ್ಲಿ ಕ್ಯೂ ನಿಂತಿದ್ದರು. ನಾನು ಹೋಗುವ ಬೇಕರಿಯಲ್ಲಿ ಅಂಥ ಹುಡುಗಿಯೊಬ್ಬಳಿದ್ದಳು. ಮೊದಲು ಕೆಲಸ ಮಾಡಿದ ಕಡೆ ಎರಡು ತಿಂಗಳ ಸಂಬಳ ಕೊಡಲಿಲ್ಲ ಅಂದಳು. ಪೊಲೀಸರ ಹತ್ತಿರ ಹೋಗು ಅಂದೆ, ಪಂಪು ಕಳೆದುಕೊಂಡ ಅನುಭವವಿದ್ದರೂ. ಅವಳು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. ಪೇಪರ್ ಸರಿಯಿಲ್ಲದವಳಿಗೆ ಠಾಣೆಯೂ ಒಂದು ಅಪಾಯವೇ. ನನಗೆ ವೀಸಾ ಇದೆ, ಕಂಪನಿ ಇದೆ, ಏನಾದರೂ ಆದರೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮ ಹೈಕಮಿಷನ್ ಇದೆ. ಅವಳು ಆರು ತಿಂಗಳ ಮೇಲೆ ಕಾಣಲಿಲ್ಲ. ಎಲ್ಲಿಗೆ ಹೋದಳು ಅಂತ ಕೇಳಿದರೆ ಬೇಕರಿಯವರು ಭುಜ ಕುಣಿಸಿದರು.

ನಾನು ಕಾಣದೆ ಹೋದರೆ ಏನಾಗುತ್ತೆ ಅಂತ ನನಗೆ ಗೊತ್ತು. ಒಂದು ಸಂಜೆ ಕಾರಪಿಚೈಮಾದ ದತ್ತಾತ್ರೇಯ ದೇವಸ್ಥಾನಕ್ಕೆ ಹೋಗಿದ್ದೆ. 85 ಅಡಿ ಎತ್ತರದ ಹನುಮಂತ ನಿಂತಿದ್ದಾನಲ್ಲ, ಅಲ್ಲಿಗೆ. ಅದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ ಅವರ ಆಶ್ರಮದ್ದು, 2003ರಲ್ಲಿ ಪ್ರತಿಷ್ಠೆಯಾದದ್ದು. ಊರು ಬಿಟ್ಟು ಅರ್ಧ ಭೂಮಿ ದಾಟಿ ಬಂದವಳಿಗೆ ಅಲ್ಲಿ ಮೈಸೂರಿನ ಹೆಸರು ಓದುವುದೇ ಒಂದು ಸಮಾಧಾನ. ಫೋನ್ ಚಾರ್ಜ್ ಮುಗಿದಿತ್ತು. ಬರುವಾಗ ಮಳೆ, ರಸ್ತೆ ಮೇಲೆ ನೀರು, ಎರಡು ಗಂಟೆ ತಡ. ಮನೆ ಹತ್ತಿರ ತಿರುಗಿದರೆ ಗೇಟಿನ ಮುಂದೆ ಅಜ್ಜಿ ಕೊಡೆ ಹಿಡಿದು ನಿಂತಿದ್ದಾರೆ, ಮಗ ಕಾರು ಸ್ಟಾರ್ಟ್ ಮಾಡಿದ್ದಾನೆ, ಮೊಮ್ಮಗಳು ಟಾರ್ಚ್ ಹಿಡಿದಿದ್ದಾಳೆ. ನಮ್ಮವರಿಗೆ ಪ್ಲಾಂಟಿಗೆ ಮೂರು ಸಲ ಫೋನ್ ಹೋಗಿದೆ. ಇಲ್ಲಿಯವರು ಯಾರ ಮನೆಯಿಂದ ಹೊರಟರೂ ‘ರೀಚ್ ಆದಾಗ ಹೇಳು’ ಅಂತಾರೆ. ನಮ್ಮಮ್ಮ ಹೇಳುವ ‘ರೀಚ್ ಆದ್ಯಾ?’ಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಇಂಗ್ಲಿಷಿನವರಿಗೇ ಇದು ಅರ್ಥವಾಗುವುದಿಲ್ಲ. ಅಜ್ಜಿ ಆವತ್ತು ನನಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಬೇಕರಿಯ ಹುಡುಗಿಗೆ ಹಾಗೆ ಬೈಯುವವರು ಯಾರೂ ಇರಲಿಲ್ಲ ಅಂತ ಆಮೇಲೆ ಹೊಳೆಯಿತು.

ನನ್ನ ಕ್ಷೇಮದಲ್ಲಿ ಅರ್ಧ ದುಡ್ಡಿನದು. ಕಾರು, ಗ್ರಿಲ್ಲು, ಕಂಪನಿ. ಉಳಿದರ್ಧ ಆ ಕೊಡೆಯದು. ಅಜ್ಜಿಗೆ ಮಂಡಿ ನೋವು ಜಾಸ್ತಿಯಾಗಿದೆ, ಮಗ ಕೆನಡಾಕ್ಕೆ ಅರ್ಜಿ ಹಾಕಿದ್ದಾನೆ ಅನ್ನುವುದು ನನಗೆ ಕೊಲೆಗಳ ಲೆಕ್ಕಕ್ಕಿಂತ ಹೆಚ್ಚು ಚಿಂತೆಯ ವಿಷಯ.

ಈಗ ಅಮ್ಮ ಬರುತ್ತಿದ್ದಾರೆ. ಮೂರು ತಿಂಗಳಿಗೆ. ಟಿಕೆಟ್ ಆಗಿದೆ, ಚಟ್ನಿಪುಡಿ ಎಷ್ಟು ಕೆಜಿ ಅನ್ನುವ ಚರ್ಚೆ ನಡೆದಿದೆ. ಮೊನ್ನೆ ಫೋನಿನಲ್ಲಿ ತುಂಬಾ ಹೊತ್ತು ಸುತ್ತಿ ಬಳಸಿ ಕೊನೆಗೆ ಕೇಳಿದರು, ‘ಮಾಂಗಲ್ಯ ಸರ ಹಾಕ್ಕೊಂಡು ಬರ್ಲಾ, ಇಲ್ಲೇ ಬಿಚ್ಚಿಟ್ಟು ಬರ್ಲಾ?’

ಆರು ವರ್ಷದಲ್ಲಿ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ತಡಿ ಹೇಳ್ತೀನಿ ಅಂದು ಅಜ್ಜಿಯ ಹತ್ತಿರ ಹೋದೆ. ಅಜ್ಜಿ ಬಟಾಣಿ ಬಿಡಿಸುತ್ತಿದ್ದರು. ಮಾತಾಡದೆ ಎದ್ದು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದರು. ಒಳಗೆ ಎರಡು ಚಿನ್ನದ ಬೇರಾ. ಇಲ್ಲಿಯ ಹಳೇ ಕಾಲದ ಕಡಗ ಅದು, ತೆರೆದ ಎರಡು ತುದಿಗೂ ಕೋಕೋ ಕಾಯಿಯ ಆಕಾರದ ಗುಂಡು ಇರುತ್ತೆ. ಅಪಹರಣಗಳ ಕಾಲದಲ್ಲಿ ಬ್ಯಾಂಕಿನಲ್ಲಿ ಇಟ್ಟದ್ದಂತೆ, ಹತ್ತು ವರ್ಷ ಹೊರಗೆ ತೆಗೆಯಲಿಲ್ಲವಂತೆ. ಒಂದನ್ನು ನನ್ನ ಕೈಗೆ ತೊಡಿಸಿ ತಿರುಗಿಸಿ ನೋಡಿದರು.

‘ನಮ್ಮನೇಲಿ ಏಪ್ರಿಲ್‌ನಲ್ಲಿ ಮದುವೆ ಇದೆ’ ಅಂದರು. ‘ನಿಮ್ಮಮ್ಮ ಬೋಳು ಕುತ್ತಿಗೇಲಿ ಬರ್ತಾರಾ? ಹಾಕ್ಕೊಂಡು ಬರೋಕೆ ಹೇಳು. ಮಾರ್ಕೆಟ್ಟಿಗೆ ಹೋಗುವಾಗ ಮಾತ್ರ ಬಟ್ಟೆ ಒಳಗೆ.’

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಹಾಕ್ಕೊಂಡು ಬಾ, ಪಿಯಾರ್ಕೊ ಏರ್‌ಪೋರ್ಟಲ್ಲಿ ಹೊರಗೆ ಬರೋ ಮುಂಚೆ ಸೆರಗಿನ ಒಳಗೆ ತಳ್ಳಿಕೋ ಅಂತ.

‘ಅಷ್ಟೇನಾ?’ ಅಂದರು ಅಮ್ಮ. ‘ಮೆಜೆಸ್ಟಿಕ್‌ನಲ್ಲೂ ಹಂಗೇ ಮಾಡೋದು.’